ನಿವೃತ್ತರ ಬಾಡಿಗೆ ಮನೆ: ಕಥೆಗೂ ಕಾನೂನಿಗೂ ಕಾಣದ ವಿಳಾಸ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಸಂಸಾರಸ್ಥನ ಬದುಕಿನಲ್ಲಿ ಎದುರಾಗುವ ಎರಡು ದೊಡ್ಡ ಪರೀಕ್ಷೆಗಳನ್ನು ನಮ್ಮ ಹಿರಿಯರು ಅದರಲ್ಲಿ ಹೆಸರಿಸಿದ್ದಾರೆ. ಆದರೆ ಮೂರನೆಯ ಪರೀಕ್ಷೆಯೊಂದಿದೆ, ಅದಕ್ಕೆ ಗಾದೆಯಿಲ್ಲ. ಮದುವೆಗಳನ್ನೇನೋ ಮಾಡಿ ಮುಗಿಸಿ, ಮನೆಯನ್ನು ಮಾತ್ರ ಕಟ್ಟಲಾಗದೆ, ಅರವತ್ತು ದಾಟಿದ ಮೇಲೆ ಬಾಡಿಗೆ ಮನೆಯಲ್ಲಿ ಮುಪ್ಪನ್ನು ಕಳೆಯುವ ಪರೀಕ್ಷೆ ಅದು. ದುಡಿಯುವ ಕಾಲ ಮುಗಿಯುವುದರೊಳಗೆ ಪ್ರತಿಯೊಬ್ಬನೂ ಮನೆ ಕಟ್ಟಿಯೇ ಇರುತ್ತಾನೆ ಎಂದು ಗಾದೆ ನಂಬಿಕೊಂಡಿದೆ. ಕಟ್ಟದವನ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ.

2011ರ ಜನಗಣತಿಯ ಪ್ರಕಾರ ದೇಶದ ನಗರ ಪಟ್ಟಣಗಳಲ್ಲಿ ನೂರಕ್ಕೆ ಸುಮಾರು 27 ಕುಟುಂಬಗಳು ಬಾಡಿಗೆ ಮನೆಗಳಲ್ಲಿದ್ದವು. ಅವರಲ್ಲಿ ಎಲ್ಲರೂ ಎಳೆಯ ದಂಪತಿಗಳಲ್ಲ, ಎಲ್ಲರೂ ನಾಳೆ ಸ್ವಂತ ಮನೆಗೆ ಹೋಗುವವರೂ ಅಲ್ಲ. ಇವತ್ತಿನ ಬಾಡಿಗೆದಾರನಿಗೂ ಒಂದು ದಿನ ವಯಸ್ಸಾಗುತ್ತದೆ. ಆಗ ಅವನ ಗತಿಯೇನು ಎಂಬ ಪ್ರಶ್ನೆಯನ್ನು ನಮ್ಮ ಸಾಹಿತ್ಯ, ಸಿನಿಮಾ, ಕಾನೂನು, ಸರ್ಕಾರದ ಯೋಜನೆಗಳು ಮತ್ತು ನಮ್ಮ ಧಾರ್ಮಿಕ ಸಂಸ್ಥೆಗಳು ಹೇಗೆ ಎದುರಿಸಿವೆ ಎಂದು ವಿಮರ್ಶಿಸುವುದು ಈ ಬರಹದ ಉದ್ದೇಶ. ನೋಡುವುದಕ್ಕೆ ಮಹಾನಗರಕ್ಕೆ ಹೋಗಬೇಕಾಗಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಸಾಕು.

ಈ ಮೂರು ಊರುಗಳನ್ನು ಬೀರೂರು ಜಂಕ್ಷನ್ ಒಂದಕ್ಕೊಂದು ಕಟ್ಟಿಹಾಕಿದೆ. ಬೆಂಗಳೂರಿನಿಂದ ಕಡೂರು ದಾಟಿ ಬಂದ ರೈಲು ಹಳಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆ, ಭದ್ರಾವತಿಯ ಮೂಲಕ ಶಿವಮೊಗ್ಗಕ್ಕೆ ಹೋದರೆ, ಇನ್ನೊಂದು ಅಜ್ಜಂಪುರದ ಮೂಲಕ ಚಿಕ್ಕಜಾಜೂರು, ದಾವಣಗೆರೆಯತ್ತ ಸಾಗುತ್ತದೆ. ಹಳಿಯ ಜತೆಗೆ ನೌಕರಿಯೂ ಬಂತು, ನೌಕರಿಯ ಜತೆಗೆ ಕ್ವಾರ್ಟರ್ಸೂ ಬಂತು. ರೈಲ್ವೆಯವರು, ಸಾರಿಗೆ ನಿಗಮದ ಚಾಲಕ-ನಿರ್ವಾಹಕರು, ಭದ್ರಾವತಿಯ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಲ್ಲಿ ದುಡಿದವರು, ಅಡಿಕೆ ಮಂಡಿ ಮತ್ತು ಕೊಬ್ಬರಿ ಅಂಗಡಿಗಳ ಗುಮಾಸ್ತರು, ಖಾಸಗಿ ಶಾಲೆಯ ಮೇಷ್ಟ್ರುಗಳು, ದರ್ಜಿಗಳು, ಮೆಕ್ಯಾನಿಕ್‌ಗಳು, ಹೀಗೆ ಬಗೆಬಗೆಯ ಜನ ಇಂಥ ಊರುಗಳ ಬಾಡಿಗೆ ಮನೆಗಳಲ್ಲಿ ಬಾಳಿದ್ದಾರೆ. ಬೆಂಗಳೂರಿನ ಬಾಡಿಗೆ ತಾಳಲಾರದೆ ನಿವೃತ್ತಿಯ ನಂತರ ಇತ್ತ ಮರಳುವವರೂ ಇದ್ದಾರೆ. ರೈಲಿದೆ, ಆಸ್ಪತ್ರೆಯಿದೆ, ಗುರುತಿನ ಜನ ಇದ್ದಾರೆ, ಬಾಡಿಗೆಯೂ ಕಡಿಮೆ ಎಂಬುದು ಅವರ ಲೆಕ್ಕ. ಈ ಲೆಕ್ಕ ಎಷ್ಟು ವರ್ಷ ನಿಲ್ಲುತ್ತದೆ ಎಂಬುದೇ ಪ್ರಶ್ನೆ.

ಮೊದಲು ನಮ್ಮ ಕಥೆಗಳನ್ನು ನೋಡೋಣ. ನಿವೃತ್ತಿ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವವನು ತಬರ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿ ಬರೆದ ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' ಅವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ. ನಮ್ಮ ಓದುಗರು ಮೆಚ್ಚಿಕೊಂಡ 'ಡೇರ್‌ಡೆವಿಲ್ ಮುಸ್ತಫಾ' ಇರುವುದೂ ಅದೇ ಸಂಕಲನದಲ್ಲಿ. ಗಿರೀಶ್ ಕಾಸರವಳ್ಳಿಯವರು 1986ರಲ್ಲಿ ಅದನ್ನು ಚಿತ್ರವಾಗಿಸಿದರು. ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು, ತಬರನಾಗಿ ನಟಿಸಿದ ಚಾರುಹಾಸನ್ ಶ್ರೇಷ್ಠ ನಟರೆನಿಸಿದರು. ಹೆಂಡತಿಯ ಕೊಳೆಯುತ್ತಿರುವ ಕಾಲಿಗೆ ಔಷಧ ಕೊಡಿಸಲು ತನ್ನ ಪಿಂಚಣಿಯ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಆ ಬಡ ನೌಕರ ಇಂದಿಗೂ ನಮ್ಮ ಆತ್ಮಸಾಕ್ಷಿಯನ್ನು ಕುಟುಕುತ್ತಾನೆ.

ಅದೇ ಕಾಸರವಳ್ಳಿಯವರು ಕೆಲವೇ ವರ್ಷಗಳ ನಂತರ ಟಿ.ಜಿ. ರಾಘವ ಅವರ ಕೃತಿಯನ್ನಾಧರಿಸಿ 'ಮನೆ' ಚಿತ್ರ ಮಾಡಿದರು. ಹಳ್ಳಿಯಿಂದ ನಗರಕ್ಕೆ ಬಂದ ಎಳೆಯ ದಂಪತಿ, ಅವರು ಬಾಡಿಗೆಗೆ ಹಿಡಿದ ನೆಲೆ, ಪಕ್ಕದ ಶೆಡ್ಡಿನಿಂದ ಬರುವ ಸದ್ದು, ಆ ಸದ್ದಿನಲ್ಲಿ ಸವೆಯುತ್ತಾ ಹೋಗುವ ದಾಂಪತ್ಯ, ಇದು ಅದರ ವಸ್ತು. ಬಾಡಿಗೆ ಮನೆಯೆಂಬುದು ಮನುಷ್ಯರ ಒಳಬದುಕನ್ನು ಹೇಗೆ ಹಿಂಡುತ್ತದೆ ಎಂಬುದನ್ನು ಅಷ್ಟು ಸೂಕ್ಷ್ಮವಾಗಿ ತೋರಿಸಿದ ಚಿತ್ರ ಕನ್ನಡದಲ್ಲಿ ವಿರಳ.

ಎರಡೂ ದೊಡ್ಡ ಚಿತ್ರಗಳೇ. ಆದರೆ ಇವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನಡುವೆ ಒಂದು ಖಾಲಿ ಜಾಗ ಕಾಣುತ್ತದೆ. ಒಂದರಲ್ಲಿ ನಿವೃತ್ತನಿದ್ದಾನೆ, ಇನ್ನೊಂದರಲ್ಲಿ ಬಾಡಿಗೆ ಮನೆಯಿದೆ. ನಿವೃತ್ತನನ್ನೇ ಬಾಡಿಗೆ ಮನೆಯಲ್ಲಿ ಕೂರಿಸಿ, ತಿಂಗಳ ಮೊದಲ ವಾರ ಮಾಲೀಕನ ಹೆಜ್ಜೆ ಸಪ್ಪಳಕ್ಕೆ ಅವನ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂದು ಹೇಳಿದ ಕಥೆ ನೆನಪಿಸಿಕೊಳ್ಳಲು ಹೋದರೆ ತಟ್ಟನೆ ಒಂದೂ ನೆನಪಾಗುವುದಿಲ್ಲ. ನಮ್ಮ ಕಥೆಗಳಲ್ಲಿ ಮುದುಕರ ದುಃಖ ಎಂದರೆ ಮಕ್ಕಳು ಬಿಟ್ಟುಹೋದ ದೊಡ್ಡ ಮನೆ, ಪಾಲಾದ ಆಸ್ತಿ, ಬೀಗ ಬಿದ್ದ ತೊಟ್ಟಿಮನೆ. ಬಿಟ್ಟುಹೋಗಲು ಒಂದು ಮನೆಯೇ ಇಲ್ಲದವರ ದುಃಖ ಅಲ್ಲಿಗೆ ಬರುವುದು ಕಡಿಮೆ.

ತಬರನನ್ನು ನಾವು ಓದಿಕೊಂಡ ರೀತಿಯಲ್ಲೂ ಒಂದು ಕೊರತೆಯಿದೆ. ಅವನ ಕಥೆಯನ್ನು ಕಡತದ ಕಥೆಯಾಗಿ, ಅಧಿಕಾರಶಾಹಿಯ ನಿರ್ದಯತೆಯ ಕಥೆಯಾಗಿ ಪಾಠ ಮಾಡಿದೆವು. ಪಿಂಚಣಿ ಸಕಾಲಕ್ಕೆ ಬಂದುಬಿಟ್ಟರೆ ಸಮಸ್ಯೆ ಮುಗಿಯಿತು ಎಂಬ ಭಾವನೆ ಅದರಿಂದ ನಮ್ಮಲ್ಲಿ ಬೇರೂರಿತು. ಇಂದು ಪಿಂಚಣಿ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. 2014ರಿಂದ ಜೀವಂತ ಪ್ರಮಾಣಪತ್ರವನ್ನೂ ಬೆರಳಚ್ಚಿನ ಯಂತ್ರದ ಮೂಲಕ ಕೊಡಬಹುದಾಗಿದೆ. ತಬರನ ಅಲೆದಾಟ ಪೂರ್ತಿ ನಿಂತಿಲ್ಲವಾದರೂ ತಗ್ಗಿದೆ. ಆದರೆ ಕಡತ ಸರಿಹೋದ ಮೇಲೂ ಉಳಿಯುವ ಸಂಕಟವೊಂದಿದೆ. ಅದು ಕೂಡಿಸಿ ಕಳೆಯುವ ಲೆಕ್ಕದ್ದು. ಬಂದ ಹಣದಲ್ಲಿ ಬಾಡಿಗೆ ಕಳೆದರೆ ಉಳಿಯುವುದೆಷ್ಟು?

ಸರ್ಕಾರಿ ನೌಕರನಿಗೆ ಕೆಲಸದಲ್ಲಿರುವಷ್ಟು ಕಾಲ ಸಂಬಳದ ಜತೆ ಮನೆ ಬಾಡಿಗೆ ಭತ್ಯೆ ಇರುತ್ತದೆ. ನಿವೃತ್ತನಾದ ಮರುದಿನ ಆ ಭತ್ಯೆ ನಿಲ್ಲುತ್ತದೆ. ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆಯೇ ಹೊರತು ಬಾಡಿಗೆ ಭತ್ಯೆ ಸೇರುವುದಿಲ್ಲ. ನಿವೃತ್ತನಿಗೆ ಬಾಡಿಗೆಯ ಖರ್ಚೇ ಇರುವುದಿಲ್ಲ, ಅಷ್ಟರಲ್ಲಿ ಅವನು ಮನೆ ಮಾಡಿಕೊಂಡಿರುತ್ತಾನೆ ಎಂಬುದು ಇದರ ಹಿಂದಿರುವ ನಂಬಿಕೆ. ನಾವು ಮೊದಲು ಹೇಳಿದ ಗಾದೆಯೇ ಇಲ್ಲಿ ನಿಯಮವಾಗಿ ಕೂತಿದೆ. ಆದರೂ ಹಳೆಯ ಪಿಂಚಣಿಯವರು ಈ ಸಾಲಿನಲ್ಲಿ ಅದೃಷ್ಟವಂತರು. 2024ರ ಆಗಸ್ಟ್‌ನಿಂದ ಜಾರಿಗೆ ಬಂದ 7ನೇ ವೇತನ ಆಯೋಗದ ಪರಿಷ್ಕರಣೆಯಂತೆ ರಾಜ್ಯ ಸರ್ಕಾರಿ ನಿವೃತ್ತರ ಕನಿಷ್ಠ ಪಿಂಚಣಿ 13,500 ರೂಪಾಯಿ. 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದ ರಾಜ್ಯ ನೌಕರರನ್ನು ಹೊಸ ಪಿಂಚಣಿ ಯೋಜನೆಗೆ ಸೇರಿಸಲಾಯಿತು. ಅವರ ಕೈಗೆ ಬರುವುದು ಕೊನೆಯ ಸಂಬಳದ ಅರ್ಧವಲ್ಲ, ಮಾರುಕಟ್ಟೆ ಕೊಟ್ಟಷ್ಟು.

ಸಾರಿಗೆ ನಿಗಮ, ಕಾರ್ಖಾನೆ, ಸಹಕಾರ ಸಂಘ, ಖಾಸಗಿ ಶಾಲೆಗಳಲ್ಲಿ ದುಡಿದು ಭವಿಷ್ಯನಿಧಿಗೆ ಸೇರಿದವರ ಸ್ಥಿತಿ ಬೇರೆ. ಅವರಿಗಿರುವುದು 1995ರ ನೌಕರರ ಪಿಂಚಣಿ ಯೋಜನೆ. ಅದರ ಸೂತ್ರ ಸರಳ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರ ಸೆಪ್ಟೆಂಬರ್‌ನಲ್ಲಿ ಆ ಸಂಬಳದ ಮಿತಿಯನ್ನು 15,000 ರೂಪಾಯಿಗೆ ನಿಗದಿಪಡಿಸಿದರು. ಪಿಂಚಣಿಗೆ 30 ವರ್ಷದ ಸೇವೆ ಲೆಕ್ಕಕ್ಕೆ ಬಂದರೆ ಇದರಂತೆ ತಿಂಗಳಿಗೆ 6,428 ರೂಪಾಯಿ. 2014ಕ್ಕೆ ಮುಂಚಿನ ವರ್ಷಗಳಿಗೆ 6,500 ರೂಪಾಯಿಯ ಹಳೆಯ ಮಿತಿ ಅನ್ವಯಿಸುವುದರಿಂದ ಅನೇಕರಿಗೆ ಅಷ್ಟೂ ಬರುವುದಿಲ್ಲ. ಕನಿಷ್ಠ ಪಿಂಚಣಿಯನ್ನು ಅದೇ ತಿಂಗಳು 1,000 ರೂಪಾಯಿ ಎಂದು ಗೊತ್ತುಮಾಡಿದರು. ಈ ಪಿಂಚಣಿಗೆ ತುಟ್ಟಿಭತ್ಯೆಯಿಲ್ಲ. ನಿವೃತ್ತನಾದ ದಿನ ಎಷ್ಟು ಗೊತ್ತಾಯಿತೋ ಎಂಬತ್ತನೆಯ ವಯಸ್ಸಿನಲ್ಲೂ ಅಷ್ಟೇ.

ಪಿಂಚಣಿ ಹೀಗೆ ನಿಂತಲ್ಲೇ ನಿಂತಿರುವಾಗ ಬಾಡಿಗೆ ನಡೆಯುತ್ತಲೇ ಇರುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಅರವತ್ತನೆಯ ವಯಸ್ಸಿನಲ್ಲಿ ಒಬ್ಬರು ತಿಂಗಳಿಗೆ 5,000 ರೂಪಾಯಿಗೆ ಮನೆ ಹಿಡಿದರೆನ್ನಿ. ಕರಾರಿನಲ್ಲಿ ಸಾಮಾನ್ಯವಾಗಿ ಬರೆಯುವಂತೆ ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ಎಪ್ಪತ್ತನಾಲ್ಕಕ್ಕೆ ಬರುವಾಗ ಅದು 9,900 ರೂಪಾಯಿಯಾಗುತ್ತದೆ. ಮಾಲೀಕ ಅತಿಯಾಸೆ ಪಡಬೇಕೆಂದೇನೂ ಇಲ್ಲ, ಮರ್ಯಾದೆಯ ಮಾಲೀಕನ ಕೈಯಲ್ಲೂ ಬಾಡಿಗೆ ಎರಡು ಪಟ್ಟಾಗುತ್ತದೆ. 6,428 ರೂಪಾಯಿ ಮಾತ್ರ 6,428 ಆಗಿಯೇ ಉಳಿಯುತ್ತದೆ. ಮೊದಲ ವರ್ಷ ಬಾಡಿಗೆ ಕಟ್ಟಿ ಅಕ್ಕಿ ತರಲು ಏನಾದರೂ ಉಳಿಯುತ್ತಿತ್ತು. ಆರನೆಯ ವರ್ಷ ತುಂಬುವಾಗ ಪಿಂಚಣಿಗಿಂತ ಬಾಡಿಗೆಯೇ ಹೆಚ್ಚು. ಔಷಧಿ ಹೆಚ್ಚು ಬೇಕಾಗುವುದೂ ಆಮೇಲೆಯೇ.

ಗಂಡ ತೀರಿಕೊಂಡರೆ ಲೆಕ್ಕ ಇನ್ನೂ ಕಠೋರವಾಗುತ್ತದೆ. ಮೇಲೆ ಹೇಳಿದ 1995ರ ಯೋಜನೆಯಲ್ಲಿ ಪಿಂಚಣಿದಾರನ ವಿಧವೆಗೆ ಸಿಗುವುದು ಅವನ ಪಿಂಚಣಿಯ ಅರ್ಧ. ರಾಜ್ಯ ಸರ್ಕಾರಿ ನೌಕರರಲ್ಲೂ ಸಂಬಳದ ಶೇಕಡಾ 50ರ ಪಿಂಚಣಿ ಶೇಕಡಾ 30ರ ಕುಟುಂಬ ಪಿಂಚಣಿಯಾಗಿ ಇಳಿಯುತ್ತದೆ. ಒಬ್ಬರು ಕಡಿಮೆಯಾದರೆಂದು ಮನೆಯ ಬಾಡಿಗೆ ಅರ್ಧವಾಗುವುದಿಲ್ಲ. ಇದ್ದತ್ತಿನ ದಿನಗಳು ಮುಗಿಯುವ ಮೊದಲೇ, ಅಥವಾ ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ, ಇನ್ನು ಚಿಕ್ಕ ಮನೆ ನೋಡಿಕೊಳ್ಳಿ ಎಂಬ ಮಾತನ್ನು ಕೇಳಬೇಕಾದ ಹೆಂಗಸರ ಸ್ಥಿತಿಯನ್ನು ಯಾವ ವೇತನ ಆಯೋಗವೂ ಎಣಿಸುವುದಿಲ್ಲ.

ಇವರೆಲ್ಲ ಏನಾದರೂ ಪಿಂಚಣಿ ಇರುವವರು. ಅಡಿಕೆ ಮಂಡಿಯ ಗುಮಾಸ್ತನಿಗೆ, ದರ್ಜಿಗೆ, ಗಾರೆ ಕೆಲಸದವನಿಗೆ, ತಳ್ಳುಗಾಡಿಯವನಿಗೆ ನಿವೃತ್ತಿ ಎಂಬ ಪದವೇ ಇಲ್ಲ. ಕೈ ನಡುಗತೊಡಗಿದ ದಿನವೇ ಅವರ ನಿವೃತ್ತಿ. ಅವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಿದೆ. 65 ದಾಟಿದ ಬಡವರಿಗೆ ಕೊಡುವ ಈ ಮಾಸಾಶನವನ್ನು 2021ರಲ್ಲಿ 1,000ದಿಂದ 1,200 ರೂಪಾಯಿಗೆ ಏರಿಸಿದರು. 2015ರ ಅಟಲ್ ಪಿಂಚಣಿ ಮತ್ತು 2019ರ ಶ್ರಮಯೋಗಿ ಮಾನಧನ್ ಯೋಜನೆಗಳಿಗೆ 18ರಿಂದ 40 ವರ್ಷದವರು ಮಾತ್ರ ಸೇರಬಹುದಿತ್ತು. ಆಗಲೇ ನಲವತ್ತು ದಾಟಿದ್ದವರಿಗೆ ಅವುಗಳಿಂದ ಏನೂ ದಕ್ಕಲಿಲ್ಲ. ಸೇರಿದವರಿಗೂ ಮೊದಲನೆಯದರಲ್ಲಿ ಗರಿಷ್ಠ 5,000, ಎರಡನೆಯದರಲ್ಲಿ 3,000 ರೂಪಾಯಿ. ಇಪ್ಪತ್ತು ಮೂವತ್ತು ವರ್ಷ ಕಳೆದು ಆ ಹಣ ಕೈಗೆ ಬರುವಾಗ ಅದರಲ್ಲಿ ಎಂಥ ಕೋಣೆ ಸಿಕ್ಕೀತು ಎಂದು ಊಹಿಸುವುದು ಕಷ್ಟವಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯ ಉಚಿತ ವಿದ್ಯುತ್ತನ್ನು ಬಾಡಿಗೆದಾರರಿಗೂ ಕೊಟ್ಟದ್ದು, ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಹೋಗುವಂತೆ ಮಾಡಿದ್ದು ಒಳ್ಳೆಯ ಕೆಲಸ. ಬಾಡಿಗೆದಾರನನ್ನೂ ಒಬ್ಬ ಗೃಹಸ್ಥನೆಂದು ಸರ್ಕಾರ ಒಪ್ಪಿದ ಅಪರೂಪದ ಸಂದರ್ಭ ಅದು.

ಸಣ್ಣ ಊರಿನಲ್ಲಿ ಬಾಡಿಗೆ ಕಡಿಮೆ ಎಂಬ ನಂಬಿಕೆಯನ್ನೂ ಪರಿಶೀಲಿಸಬೇಕು. ತರೀಕೆರೆ ತಾಲೂಕಿನ ಹೋಬಳಿಯಾಗಿದ್ದ ಅಜ್ಜಂಪುರ 2017-18ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಒಂದು. ಊರಿಗೆ ತಾಲೂಕು ಕಚೇರಿ ಬರುವುದು ಒಳ್ಳೆಯದೇ. ಆದರೆ ಕಚೇರಿಯ ಜತೆಗೆ ನೌಕರರೂ ಬರುತ್ತಾರೆ, ಅವರಿಗೂ ಮನೆ ಬೇಕು. ಬಾಡಿಗೆ ಭತ್ಯೆ ಕೈಯಲ್ಲಿರುವ ನೌಕರನೂ ಭತ್ಯೆ ನಿಂತುಹೋದ ನಿವೃತ್ತನೂ ಒಂದೇ ಮನೆಯ ಬಾಗಿಲು ಬಡಿದರೆ ಮಾಲೀಕ ಯಾರಿಗೆ ಬಾಗಿಲು ತೆರೆದಾನು? ಸಣ್ಣ ಊರಿನಲ್ಲಿ ಬಾಡಿಗೆ ಕಡಿಮೆಯಿರಬಹುದು. ಆದರೆ ಬಾಡಿಗೆಗೆ ಸಿಗುವ ಮನೆಗಳೂ ಕಡಿಮೆ, ಆಯ್ಕೆಯೂ ಕಡಿಮೆ.

ತಿಂಗಳ ಬಾಡಿಗೆಯ ಈ ಕಿರಿಕಿರಿಯಿಂದ ಪಾರಾಗಲು ನಮ್ಮ ನಾಡಿನಲ್ಲಿ ಭೋಗ್ಯದ ಪದ್ಧತಿಯಿದೆ. ಒಂದಿಷ್ಟು ಲಕ್ಷ ಇಡಿಗಂಟು ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸುವುದು, ಅವಧಿ ಮುಗಿದಾಗ ಗಂಟು ವಾಪಸು ಪಡೆಯುವುದು. ನಿವೃತ್ತಿಯಲ್ಲಿ ಬಂದ ಗ್ರಾಚ್ಯುಟಿ, ಭವಿಷ್ಯನಿಧಿಯ ಹಣ ಎಷ್ಟೋ ಸಲ ಹೋಗುವುದು ಇಲ್ಲಿಗೇ. ಮೇಲುನೋಟಕ್ಕೆ ಲಾಭವೂ ಇದೆ. 5 ಲಕ್ಷವನ್ನು ಬ್ಯಾಂಕಿನಲ್ಲಿ ಶೇಕಡಾ 7ಕ್ಕೆ ಇಟ್ಟರೆ ತಿಂಗಳಿಗೆ ಸುಮಾರು 2,900 ರೂಪಾಯಿ ಬಡ್ಡಿ, ಅದೇ ಹಣಕ್ಕೆ 5,000 ರೂಪಾಯಿ ಬಾಡಿಗೆಯ ಮನೆ ಸಿಕ್ಕರೆ ಯಾರು ಬಿಡುತ್ತಾರೆ? ಬಡ್ಡಿಯನ್ನು ದೂರವಿಟ್ಟ ಮುಸ್ಲಿಮ್ ಕುಟುಂಬಗಳಿಗಂತೂ ಇದು ಹತ್ತಿರದ ದಾರಿಯಾಗಿ ಕಂಡಿದೆ. ಕೊಟ್ಟ ಸಾಲದ ಮೇಲೆ ಪಡೆಯುವ ಲಾಭ ಇದೂ ಆಗುವುದರಿಂದ ಅನೇಕ ಉಲಮಾಗಳು ಇದನ್ನು ಆಕ್ಷೇಪಿಸಿದ್ದಾರೆ ಎಂಬುದನ್ನು ನಾವು ಜಾಣತನದಿಂದ ಮರೆತಿದ್ದೇವೆ.

ಧರ್ಮದ ಮಾತು ಹಾಗಿರಲಿ, ವ್ಯವಹಾರದ ದೃಷ್ಟಿಯಿಂದಲೂ ಇಲ್ಲಿ ಅಪಾಯವಿದೆ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷಗಳಲ್ಲಿ 5 ಲಕ್ಷದ ಕೊಳ್ಳುವ ಶಕ್ತಿ ಎರಡೂವರೆ ಲಕ್ಷಕ್ಕೆ ಇಳಿಯುತ್ತದೆ. ಪ್ರತಿ ಸಲ ಮನೆ ಬದಲಿಸುವಾಗ ಗಂಟು ಅಷ್ಟೇ ಇರುತ್ತದೆ, ಮನೆ ಮಾತ್ರ ಚಿಕ್ಕದಾಗುತ್ತಾ ಹೋಗುತ್ತದೆ. ಮಾಲೀಕ ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟು ಸಾಲ ತೀರಿಸದಿದ್ದರೆ ಬ್ಯಾಂಕಿನವರು ಬಂದು ಬೀಗ ಹಾಕುವಾಗ ಭೋಗ್ಯದಾರ ಬೀದಿಯಲ್ಲಿ ನಿಲ್ಲುತ್ತಾನೆ. ಭೋಗ್ಯದ ಅಡಮಾನವನ್ನು ನೋಂದಣಿ ಮಾಡಿಸಬೇಕು ಎಂಬುದು ಕಾನೂನು. ನಮ್ಮಲ್ಲಿ ಬಹಳಷ್ಟು ಭೋಗ್ಯಗಳು ಛಾಪಾಕಾಗದದ ಒಂದು ಹಾಳೆಯ ಮೇಲೆ ಮತ್ತು ಪರಿಚಯದ ವಿಶ್ವಾಸದ ಮೇಲೆ ನಡೆಯುತ್ತವೆ. ಜೀವಮಾನದ ಗಳಿಕೆಯನ್ನು ಒಂದು ಹಾಳೆಗೆ ಒಪ್ಪಿಸುವುದು ಬೇರೆ ದಾರಿಯಿಲ್ಲದವರ ಧೈರ್ಯ.

ಇನ್ನು ಕಾನೂನಿನ ಕಡೆ ಬರೋಣ. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಕೊನೆಯ ದಿನ ಜಾರಿಗೆ ಬಂತು. ಅದು ಮುದುಕರನ್ನು ಮರೆತಿಲ್ಲ. 65 ವರ್ಷ ದಾಟಿದವರು, ವಿಧವೆಯರು, ಅಂಗವಿಕಲರು, ನಿವೃತ್ತರಾಗುವ ಸರ್ಕಾರಿ ನೌಕರರು ಇವರಿಗೆಲ್ಲ ಅದರಲ್ಲಿ ವಿಶೇಷ ಹಕ್ಕಿದೆ. ಯಾವ ಹಕ್ಕು? ತಾವು ಬಾಡಿಗೆಗೆ ಕೊಟ್ಟ ಮನೆಯನ್ನು ತಮ್ಮ ವಾಸಕ್ಕಾಗಿ ಬೇಗನೆ ಬಿಡಿಸಿಕೊಳ್ಳುವ ಹಕ್ಕು. ಅಂದರೆ ಕಾನೂನಿನ ಕಣ್ಣಿಗೆ ಬಿದ್ದ ಮುದುಕ ಮನೆಯ ಮಾಲೀಕ. ಆ ಮನೆಯನ್ನು ಖಾಲಿ ಮಾಡಬೇಕಾದವನೂ ಎಪ್ಪತ್ತರ ಮುದುಕನೇ ಆಗಿದ್ದರೆ, ಅವನ ವಯಸ್ಸನ್ನು ನೋಡಿ ಕೊಡುವ ಇಂಥದೇ ವಿಶೇಷ ಹಕ್ಕನ್ನು ಕಾಯಿದೆ ಬರೆದಿಲ್ಲ.

2007ರ ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯನ್ನು ನೋಡಿ. ಮಕ್ಕಳು ಪೋಷಿಸದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಕಾಯಿದೆ ಬರೆದಾಗ ಇಟ್ಟ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ನೋಡಿಕೊಳ್ಳುತ್ತೇನೆಂದು ಆಸ್ತಿ ಬರೆಸಿಕೊಂಡ ಮಕ್ಕಳು ಮಾತು ತಪ್ಪಿದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಒಳ್ಳೆಯ ಕಾನೂನು. ತರೀಕೆರೆಯಲ್ಲೇ ಉಪವಿಭಾಗಾಧಿಕಾರಿಯ ಕಚೇರಿ ಇದೆ. ಆದರೆ ಬರೆದುಕೊಡಲು ಆಸ್ತಿಯೇ ಇಲ್ಲದವನು, ಮಗನೂ ದಿನಗೂಲಿಯಾಗಿ ಇನ್ನೊಂದು ಊರಿನ ಬಾಡಿಗೆ ಕೋಣೆಯಲ್ಲಿ ಇರುವವನು ಅಲ್ಲಿ ಯಾರ ಮೇಲೆ ದೂರು ಕೊಡಬೇಕು? 2007ರಲ್ಲೇ ಬಂದ ಹಿಮ್ಮುಖ ಅಡಮಾನ ಸಾಲದ ಯೋಜನೆ 60 ದಾಟಿದವರಿಗೆ ಮನೆಯ ಮೇಲೆ ತಿಂಗಳ ಹಣ ಕೊಡಿಸುತ್ತದೆ. ಅಲ್ಲೂ ಮೊದಲು ಮನೆ ಇರಬೇಕು. ಆಶ್ರಯ ಯೋಜನೆಯಿಂದ ಪ್ರಧಾನಮಂತ್ರಿ ಆವಾಸ್‌ವರೆಗೆ ಸರ್ಕಾರದ ವಸತಿ ನೀತಿಯೆಂದರೆ ಮುಖ್ಯವಾಗಿ ನಿವೇಶನ ಕೊಡುವುದು, ಮನೆ ಕಟ್ಟಲು ಸಹಾಯಧನ ಕೊಡುವುದು. ಬಾಡಿಗೆಯಲ್ಲೇ ಬಾಳಿ ಬಾಡಿಗೆಯಲ್ಲೇ ಕಣ್ಣುಮುಚ್ಚುವವರು ಇರುತ್ತಾರೆ ಎಂಬುದನ್ನು ಒಪ್ಪಿಕೊಳ್ಳಲು ನಮಗೆಲ್ಲ ಸಂಕೋಚ.

ಕರಾರು ಪತ್ರದ ಅವಧಿಯೂ ಹಾಗೆಯೇ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕೆಂಬ 1908ರ ಕಾಯಿದೆಯಿಂದ ತಪ್ಪಿಸಿಕೊಳ್ಳಲು 11 ತಿಂಗಳ ಕರಾರು ರೂಢಿಗೆ ಬಂತು. ದುಡಿಯುವ ಯುವಕನಿಗೆ ಹನ್ನೊಂದು ತಿಂಗಳು ತೊಂದರೆಯಲ್ಲ. ಎಪ್ಪತ್ತರ ದಂಪತಿಗೆ ಅದು ಪ್ರತಿ ವರ್ಷ ಬರುವ ಪರೀಕ್ಷೆ. ಪರಿಚಿತ ವೈದ್ಯರು, ನಡೆದು ಹೋಗುವಷ್ಟು ದೂರದ ಮಸೀದಿ ಅಥವಾ ದೇವಸ್ಥಾನ, ಉದ್ರಿ ಕೊಡುವ ಅಂಗಡಿ, ಕಷ್ಟಕ್ಕೆ ಓಡಿ ಬರುವ ನೆರೆಮನೆ ಇವೆಲ್ಲ ಮುಪ್ಪಿನ ನಿಜವಾದ ಆಸ್ತಿಗಳು. ಮನೆ ಬದಲಿಸಿದಾಗ ಸಾಮಾನು ಲಾರಿಯಲ್ಲಿ ಹೋಗುತ್ತದೆ, ಈ ಆಸ್ತಿ ಹೋಗುವುದಿಲ್ಲ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಗೊಳಿಸಬೇಕೆನ್ನುತ್ತದೆ. ಅಷ್ಟಕ್ಕಾದರೂ ಅದು ಸ್ವಾಗತಾರ್ಹ.

ಬಾಡಿಗೆ ಕಟ್ಟುವ ಶಕ್ತಿಯಿದ್ದರೂ ಮನೆ ಸಿಗದ ಸ್ಥಿತಿ ಇನ್ನೊಂದು. ಮಾಲೀಕರಿಗೆ ಮುದುಕರೆಂದರೆ ಅಳುಕು. ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು ಯಾರು, ಮನೆಯಲ್ಲೇ ತೀರಿಕೊಂಡರೆ ಮುಂದೆ ಯಾರು ಬಾಡಿಗೆಗೆ ಬರುತ್ತಾರೆ ಎಂಬ ಲೆಕ್ಕಾಚಾರ. ಇದರ ಮೇಲೆ ಹೆಸರು ಕೇಳುವ ಪದ್ಧತಿ. ಮುಸ್ಲಿಮ್ ಹೆಸರು ಕೇಳಿದ ಕೂಡಲೇ ಮನೆ ಕೊಟ್ಟಾಗಿದೆ ಎಂಬ ಉತ್ತರ ಬರುತ್ತದೆ, ದಲಿತರು ಜಾತಿಯ ಪ್ರಶ್ನೆಗೆ ಉತ್ತರಿಸಲಾರದೆ ಹಿಂದೆ ಸರಿಯುತ್ತಾರೆ, ಅಡುಗೆ ಏನು ಮಾಡುತ್ತೀರಿ ಎಂಬ ವಿಚಾರಣೆ ಉಳಿದವರಿಗೂ ತಪ್ಪಿದ್ದಲ್ಲ. ಯುವಕ ಇನ್ನೊಂದು ಬೀದಿಗೆ ಹೋಗಿ ಹುಡುಕುತ್ತಾನೆ. ಮಂಡಿನೋವಿನ ಮುದುಕ ಎಷ್ಟು ಬೀದಿ ಅಲೆದಾನು? ನಮ್ಮ ಮೊಹಲ್ಲಾಗಳೂ ಇದರಿಂದ ಮುಕ್ತವಲ್ಲ. ಗಂಡುಮಕ್ಕಳಿಲ್ಲದ ವಯಸ್ಸಾದ ದಂಪತಿಗೆ, ಒಂಟಿ ವಿಧವೆಗೆ ಮನೆ ಕೊಡಲು ಹಿಂದೆಮುಂದೆ ನೋಡುವ ಮುಸ್ಲಿಮ್ ಮಾಲೀಕರೂ ಇದ್ದಾರೆ. ಪರರಿಂದ ಆಗುವ ಭೇದವನ್ನು ಖಂಡಿಸುವಾಗ ನಮ್ಮ ಬಾಗಿಲನ್ನೂ ಒಮ್ಮೆ ನೋಡಿಕೊಳ್ಳುವುದು ನ್ಯಾಯ.

ಇದನ್ನು ಹೇಳುವಾಗ ನಮ್ಮ ಇಮಾಮರನ್ನು ನೆನೆಯದೆ ಇರಲಾಗದು. ಮಸೀದಿಯ ಪಕ್ಕದ ಒಂದು ಕೋಣೆಯಲ್ಲಿ ಮೂವತ್ತು ವರ್ಷ ಬಾಳಿ, ಮೂರು ತಲೆಮಾರಿನ ನಿಕಾಹ್ ಓದಿಸಿದ ಇಮಾಮರಿಗೂ ಮುಅಝ್ಝಿನರಿಗೂ ಆ ಕೋಣೆ ಕೆಲಸದ ಜತೆಗೆ ಸಿಕ್ಕದ್ದು, ಕೆಲಸದ ಜತೆಗೇ ಹೋಗುತ್ತದೆ. ರಾಜ್ಯ ಸರ್ಕಾರ 2025-26ರ ಬಜೆಟ್ಟಿನಲ್ಲಿ ಪೇಶ್ ಇಮಾಮರ ಗೌರವಧನವನ್ನು 6,000 ರೂಪಾಯಿಗೆ ಏರಿಸುವುದಾಗಿ ಘೋಷಿಸಿತು. ಅದು ಸೇವೆಯಲ್ಲಿರುವವರ ಮಾತು. ಧ್ವನಿ ಕುಗ್ಗಿದ ಮೇಲೆ ಅವರು ಎಲ್ಲಿಗೆ ಹೋಗಬೇಕು ಎಂದು ಕೇಳುವ ಜಮಾಅತ್‌ಗಳು ಎಷ್ಟಿವೆ? ಅಂಗಡಿ ಮಳಿಗೆಗಳಿಂದ ಬಾಡಿಗೆ ಪಡೆಯುವ ಮಸೀದಿಗಳು, ಮಠಗಳು, ದೇವಸ್ಥಾನಗಳು ಈ ನಾಡಿನಲ್ಲಿ ಬೇಕಾದಷ್ಟಿವೆ. ಬಂದ ಹಣದಲ್ಲಿ ಮಿನಾರ ಎತ್ತರವಾಗುತ್ತದೆ, ಗೋಪುರಕ್ಕೆ ಬಣ್ಣ ಬರುತ್ತದೆ, ಸಭಾಭವನ ಏಳುತ್ತದೆ. ವಕ್ಫ್ ಎಂಬುದರ ಅರ್ಥವೇ ಆಸ್ತಿಯನ್ನು ಮಾರದೆ ಕೂಡಿಡದೆ ಅದರ ಫಲವನ್ನು ಒಳಿತಿಗೆ ಬಿಟ್ಟುಕೊಡುವುದು. ನಾಲ್ಕು ಚಿಕ್ಕ ಮನೆಗಳನ್ನು ಕಟ್ಟಿ ನಿರ್ಗತಿಕರಾದ ವೃದ್ಧರಿಗೆ ಕೈಗೆಟುಕುವ ಬಾಡಿಗೆಗೆ ಕೊಡುವುದಕ್ಕಿಂತ ಆ ಅರ್ಥಕ್ಕೆ ಹತ್ತಿರವಾದ ಕೆಲಸ ಯಾವುದಿದೆ?

ಇದಕ್ಕೆಲ್ಲ ಹಳೆಯ ಅವಿಭಕ್ತ ಕುಟುಂಬವೇ ಪರಿಹಾರ ಎನ್ನುವವರಿದ್ದಾರೆ. ಅವರು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ಬಾಲವಿಧವೆಯಾಗಿ ದೀರ್ಘಕಾಲ ಬದುಕಿದ ಆ ಮಲೆನಾಡಿನ ಹೆಂಗಸಿಗೆ ತುಂಬಿದ ಮನೆಯಲ್ಲಿ ಜಾಗವಿತ್ತು. ಆ ಜಾಗದ ಬೆಲೆ ಅವಳ ಕೊನೆಯಿಲ್ಲದ ದುಡಿಮೆ. ದೊಡ್ಡ ಮನೆಯಲ್ಲಿ ಮುಪ್ಪಿಗೆ ಒಂದು ಮೂಲೆ ಸಿಗುತ್ತಿತ್ತು ನಿಜ, ಆದರೆ ಅದು ಹಕ್ಕಿನಿಂದ ಸಿಕ್ಕದ್ದಲ್ಲ. ಆ ಮನೆಗಳಾದರೂ ಇದ್ದದ್ದು ಜಮೀನಿದ್ದವರಿಗೆ. ಜಮೀನಿಲ್ಲದವರ ಮುಪ್ಪು ಆಗಲೂ ಇನ್ನೊಬ್ಬರ ಜಗುಲಿಯ ಮೇಲೆಯೇ ಕಳೆಯಿತು.

ಬಾಡಿಗೆಯಲ್ಲಿ ಮುದುಕರಾಗುವುದು ದುರ್ಗತಿಯೇ ಆಗಬೇಕಿಲ್ಲ ಎಂಬುದಕ್ಕೆ ಹೊರಗಿನ ಉದಾಹರಣೆಗಳಿವೆ. ಜರ್ಮನಿಯಲ್ಲಿ ಜನಸಂಖ್ಯೆಯ ದೊಡ್ಡ ಪಾಲು ಬಾಡಿಗೆ ಮನೆಗಳಲ್ಲಿದೆ. ಅಲ್ಲಿ ಅವಧಿ ಗೊತ್ತುಮಾಡದ ಕರಾರು ಸಾಮಾನ್ಯ. ಮಾಲೀಕ ಮನೆ ಬಿಡಲು ಹೇಳಿದರೆ ಇಳಿವಯಸ್ಸು, ಕಾಯಿಲೆಗಳ ಕಾರಣ ಕೊಟ್ಟು ಬಾಡಿಗೆದಾರ ಆಕ್ಷೇಪಿಸಬಹುದು, ನ್ಯಾಯಾಲಯ ಅದನ್ನು ತೂಗಿ ನೋಡುತ್ತದೆ. ಆಸ್ಟ್ರಿಯಾದ ವಿಯೆನ್ನಾ ನಗರಾಡಳಿತ 1920ರ ದಶಕದಿಂದಲೂ ತಾನೇ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಾ ಬಂದಿದೆ. ಅವು ಶ್ರೀಮಂತ ದೇಶಗಳು, ನಮ್ಮ ಪುರಸಭೆಗಳಿಗೆ ಆ ಶಕ್ತಿಯಿಲ್ಲ ಎನ್ನಬಹುದು. ವಯಸ್ಸನ್ನು ಬಾಡಿಗೆದಾರನ ಪರವಾದ ಒಂದು ಕಾರಣವೆಂದು ಒಪ್ಪಲು ಹಣ ಬೇಕಾಗಿಲ್ಲ, ಕಾಯಿದೆಯಲ್ಲಿ ಒಂದು ಸಾಲು ಬೇಕು.

ಮಾಡಬಹುದಾದ ಕೆಲಸಗಳು ಇನ್ನೂ ಇವೆ. 1995ರ ಯೋಜನೆಯ ಪಿಂಚಣಿಗೂ ಸಂಧ್ಯಾ ಸುರಕ್ಷೆಗೂ ಬೆಲೆಯೇರಿಕೆಯ ಕೊಂಡಿ ಹಾಕಬಹುದು. ಸ್ವಂತ ಮನೆಯಿಲ್ಲದ ವೃದ್ಧರಿಗೆ ಸಣ್ಣ ಪ್ರಮಾಣದಲ್ಲಾದರೂ ಬಾಡಿಗೆ ನೆರವು ಕೊಡಬಹುದು. ಕಡೂರು, ತರೀಕೆರೆ ಪುರಸಭೆಗಳು, ಅಜ್ಜಂಪುರದ ಪಟ್ಟಣ ಪಂಚಾಯಿತಿ ತಮ್ಮ ವ್ಯಾಪ್ತಿಯಲ್ಲಿ ಬಾಡಿಗೆ ಮನೆಯಲ್ಲಿರುವ ಅರವತ್ತು ದಾಟಿದವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಬಹುದು. ಎಣಿಸದವರಿಗೆ ಯೋಜನೆ ಮಾಡಲಾಗುವುದಿಲ್ಲ. ಮಾಲೀಕರು ತಮ್ಮ ಹಳೆಯ ಬಾಡಿಗೆದಾರರಿಗೆ ಐದು ವರ್ಷದ ನೋಂದಾಯಿತ ಕರಾರು ಕೊಡಬಹುದು. ಸಮಯಕ್ಕೆ ಬಾಡಿಗೆ ಕೊಡುವ, ಗೋಡೆಗೆ ಮೊಳೆ ಹೊಡೆಯಲೂ ಅನುಮತಿ ಕೇಳುವ ವಯಸ್ಸಾದ ದಂಪತಿ ಕೆಟ್ಟ ಬಾಡಿಗೆದಾರರಲ್ಲ ಎಂಬುದು ಅನುಭವವಿದ್ದ ಮಾಲೀಕರಿಗೆ ತಿಳಿದೇ ಇದೆ.

ತಬರನ ಕಥೆ ಬಂದ ಮೇಲೆ ಪಿಂಚಣಿಯ ವಿಳಂಬ ಎಂಬುದು ನಾಚಿಕೆಯ ಸಂಗತಿ ಎಂದು ನಾಡಿಗೆ ಅನ್ನಿಸಿತು. ಒಂದು ಕಥೆ ಅಷ್ಟನ್ನು ಮಾಡಬಲ್ಲದು. ಬಾಡಿಗೆ ಕರಾರಿನ ಹನ್ನೊಂದನೆಯ ತಿಂಗಳಿನಲ್ಲಿ ಕ್ಯಾಲೆಂಡರಿನ ಮುಂದೆ ನಿಂತಿರುವ ಹಿರಿಯರ ಕಥೆಯನ್ನೂ ನಮ್ಮ ಬರಹಗಾರರು ಬರೆಯಲಿ, ನಿರ್ದೇಶಕರು ತೋರಿಸಲಿ. ಅಲ್ಲಿಯವರೆಗೆ ಕಾಯದೆ ಪ್ರತಿಯೊಂದು ಜಮಾಅತ್, ಪ್ರತಿಯೊಂದು ಮಠ, ಪ್ರತಿಯೊಂದು ಪುರಸಭೆ ತನ್ನ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ನಮ್ಮ ಊರಿನಲ್ಲಿ ಸ್ವಂತ ಸೂರಿಲ್ಲದ ವೃದ್ಧರು ಯಾರು, ಮುಂದಿನ ವರ್ಷ ಇದೇ ಹೊತ್ತಿಗೆ ಅವರು ಎಲ್ಲಿರುತ್ತಾರೆ?